ಗಿಟಾರ್ ನೆಕ್‌ಗೆ ಯಾವ ಫ್ರೆಟ್ ವೈರ್ ಹಾಕ್ಲಿ: ನಿಕಲ್ ಸಿಲ್ವರ್, ಸ್ಟೇನ್‌ಲೆಸ್, ಇಲ್ಲಾ ಇವೋ?

ಪ್ರಶ್ನೆ: ಸರ್, ನನ್ನ ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ನೆಕ್ ತಗೊಂಡಿದೀನಿ. ಮೇಪಲ್ ನೆಕ್, ಮೇಲೆ ರೋಸ್‌ವುಡ್ ಫಿಂಗರ್‌ಬೋರ್ಡ್, 12 ಇಂಚು ರೇಡಿಯಸ್ (ಬೋರ್ಡ್ ಮೇಲ್ಮೈ ಬಾಗಿನ ಅಳತೆ), 22 ಸ್ಲಾಟ್ (ಸೀಳು) ಕೊಯ್ದಿದೆ ಆದ್ರೆ ಫ್ರೆಟ್, ಅಂದ್ರೆ ಅಡ್ಡಕ್ಕೆ ಕೂರೋ ಲೋಹದ ಪಟ್ಟಿ, ಹಾಕಿಲ್ಲ. ನಾನೇ ಹಾಕ್ಬೇಕು ಅಂತ ಆಸೆ, ಇದೇ ಮೊದಲನೇ ಸಲ. 10-46 ದಪ್ಪದ ಸ್ಟ್ರಿಂಗ್ ಹಾಕ್ತೀನಿ, ಬೆಂಡ್ (ಸ್ಟ್ರಿಂಗ್ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು) ಜಾಸ್ತಿ ಮಾಡ್ತೀನಿ, ಕೈ ತುಂಬಾ ಬೆವರತ್ತೆ. ಹಳೇ ನೆಕ್‌ನಲ್ಲಿ ಫ್ರೆಟ್ ಎಲ್ಲಾ ಗುಂಡಿ ಬಿದ್ದೋಯ್ತು. ಸ್ಟೇನ್‌ಲೆಸ್ ಹಾಕಿದ್ರೆ ಜೀವಮಾನ ಪೂರ್ತಿ ಬರತ್ತೆ ಅಂತಾರೆ, ಆದ್ರೆ ಸೌಂಡ್ ಕರ್ಕಶ ಆಗತ್ತೆ, ಸ್ಟ್ರಿಂಗ್ ಬೇಗ ಸವೆಯತ್ತೆ ಅಂತಾನೂ ಅಂತಾರೆ. ಇವೋ ಅಂತ ಚಿನ್ನದ ಬಣ್ಣದ್ದು ಇನ್ನೊಂದು ಇದೆಯಂತೆ. ಯಾವುದು ಹಾಕ್ಲಿ?

ಉತ್ತರ: ನೀವು ಬರ್ದಿರೋದನ್ನೆಲ್ಲ ಸೇರ್ಸಿ ನೋಡಿದ್ರೆ ನಾನು ಹೇಳೋದು ಇವೋ. ಇದೇ ನೆಕ್‌ನ ಒಬ್ಬ ಒಳ್ಳೇ ಕೆಲಸಗಾರನ ಕೈಗೆ ಕೊಡೋರಾಗಿದ್ರೆ ಯೋಚನೆ ಮಾಡದೆ ಸ್ಟೇನ್‌ಲೆಸ್ ಅಂತಿದ್ದೆ. ನಿಮ್ಮ ವಿಷಯದಲ್ಲಿ ಉತ್ತರ ಬದಲಾಗಿರೋದು ಸೌಂಡ್‌ನಿಂದ ಅಲ್ಲ, "ನಾನೇ ಹಾಕ್ಬೇಕು, ಮೊದಲನೇ ಸಲ" ಅನ್ನೋ ಮಾತಿಂದ. ಫ್ರೆಟ್ ಮೆಟಲ್ ಆರಿಸೋವಾಗ ಎಲ್ರೂ ಟೋನ್ ಬಗ್ಗೆ ಜಗಳ ಆಡ್ತಾರೆ, ಆದ್ರೆ ನನ್ನ ಪ್ರಕಾರ ನೋಡ್ಬೇಕಾಗಿರೋದು ಎಷ್ಟು ಬೇಗ ಸವೆಯತ್ತೆ ಮತ್ತೆ ಯಾರು ಕೂರಿಸ್ತಾರೆ ಅನ್ನೋ ಎರಡನ್ನೇ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಮೆಟಲ್ ಏನೇನು ಅಂತ ತಿಳ್ಕೊಳಿ. ಮಾಮೂಲಿ ಗಿಟಾರ್‌ಗಳಲ್ಲಿ ಬರೋದು ನಿಕಲ್ ಸಿಲ್ವರ್, ಇದಕ್ಕೇ ಜರ್ಮನ್ ಸಿಲ್ವರ್ ಅಂತಾನೂ ಹೇಳ್ತಾರೆ, ಇದರಲ್ಲಿ ಬೆಳ್ಳಿ ಚೂರೂ ಇರಲ್ಲ, ಹೆಚ್ಚಿನ ಪಾಲು ತಾಮ್ರ, ಫ್ರೆಟ್‌ಗೆ ಬಳಸೋ ಒಳ್ಳೇ ವೈರ್‌ನಲ್ಲಿ ಸುಮಾರು 18% ನಿಕಲ್, ಉಳಿದಿದ್ದು ಸತು. ಸ್ಟೇನ್‌ಲೆಸ್ ನಿಮಗೆ ಗೊತ್ತೇ ಇದೆ, ಕಬ್ಬಿಣಕ್ಕೆ ಕ್ರೋಮಿಯಂ ಸೇರಿಸಿದ ಉಕ್ಕು. ಇವೋ ಅನ್ನೋದು ತಾಮ್ರದ್ದೇ ಇನ್ನೊಂದು ಮಿಶ್ರಲೋಹ, ತಾಮ್ರದ ಜೊತೆ ತವರ, ಸ್ವಲ್ಪ ಕಬ್ಬಿಣ, ಚೂರೇ ಚೂರು ಟೈಟೇನಿಯಂ. ಮೊದಲು ಇದನ್ನ ಕನ್ನಡಕದ ಫ್ರೇಮ್‌ಗೆ ಅಂತ ಮಾಡಿದ್ದು, ಮೈಗೆ ತಾಗೋ ಜಾಗದಲ್ಲಿ ನಿಕಲ್ ಬೇಡ ಅಂತ. ಆಮೇಲೆ ಜೆಸ್ಕಾರ್ ಕಂಪನಿ ಇದನ್ನ ಫ್ರೆಟ್ ವೈರ್ ಆಗಿ ಮಾರಕ್ಕೆ ಶುರು ಮಾಡ್ತು. ಆ ಚಿನ್ನದ ಬಣ್ಣ ಮೇಲಿನ ಲೇಪನ ಅಲ್ಲ, ಒಳಗೂ ಅದೇ ಬಣ್ಣ, ಉಜ್ಜಿದ್ರೆ ಹೋಗಲ್ಲ.

ಗಟ್ಟಿತನ ಅಳೆಯೋ ವಿಕರ್ಸ್ ಸ್ಕೇಲ್‌ನಲ್ಲಿ ನಿಕಲ್ ಸಿಲ್ವರ್ ಸುಮಾರು 200, ಇವೋ 250, ಸ್ಟೇನ್‌ಲೆಸ್ 300ರ ಆಸುಪಾಸು. ಬ್ರಾಂಡ್ ಬದಲಾದ್ರೆ ಸ್ವಲ್ಪ ಆ ಕಡೆ ಈ ಕಡೆ ಆಗತ್ತೆ, ಅಗ್ಗದ ನಿಕಲ್ ಸಿಲ್ವರ್ ಇನ್ನೂ ಮೆತ್ತಗಿರತ್ತೆ. ನಿಮ್ಮ ಹಳೇ ನೆಕ್‌ನಲ್ಲಿ ಇದ್ದಿದ್ದು ಅಂಥದ್ದೇ ಇರ್ಬಹುದು, ಹಾಗಾಗಿ ಅದು ಬೇಗ ಗುಂಡಿ ಬಿತ್ತು ಅಂತ ನಿಕಲ್ ಸಿಲ್ವರ್ ಜಾತಿನೇ ಕೆಟ್ಟದ್ದು ಅಂತ ತೀರ್ಮಾನ ಮಾಡ್ಬೇಡಿ. ಈ ನಂಬರ್‌ಗಳ ಜೊತೆ ಇನ್ನೊಂದು ವಿಷಯ ತಲೇಲಿ ಇಟ್ಕೊಳಿ: ನಿಮ್ಮ ಮೊದಲ ಮೂರು ಸ್ಟ್ರಿಂಗ್, ಅಂದ್ರೆ ಸುತ್ತು ಇಲ್ಲದ ಪ್ಲೇನ್ ಸ್ಟ್ರಿಂಗ್‌ಗಳು, ಹೈ ಕಾರ್ಬನ್ ಉಕ್ಕಿನವು, ಅವು ಈ ಮೂರೂ ಮೆಟಲ್‌ಗಿಂತ ಗಟ್ಟಿ. ಅದಕ್ಕೇ ಫ್ರೆಟ್ ಸವೆಯತ್ತೆ. ಅದಕ್ಕೇ ಸ್ಟೇನ್‌ಲೆಸ್ ಕೂಡ ಒಂದಲ್ಲ ಒಂದು ದಿನ ಸವೆಯತ್ತೆ, ತುಂಬಾ ನಿಧಾನಕ್ಕೆ ಅಷ್ಟೇ. "ಸ್ಟೇನ್‌ಲೆಸ್ ಫ್ರೆಟ್ ಸ್ಟ್ರಿಂಗ್‌ನ ತಿಂದುಬಿಡತ್ತೆ" ಅನ್ನೋ ಮಾತು ಪ್ಲೇನ್ ಸ್ಟ್ರಿಂಗ್ ಮಟ್ಟಿಗೆ ನಿಲ್ಲಲ್ಲ. ದಪ್ಪ ಸ್ಟ್ರಿಂಗ್‌ಗಳ ಮೇಲಿನ ಸುತ್ತು ಮೆತ್ತಗಿರತ್ತೆ, ಅದು ಫ್ರೆಟ್ ತಾಗೋ ಜಾಗದಲ್ಲಿ ಸ್ವಲ್ಪ ಚಪ್ಪಟೆ ಆಗತ್ತೆ ನಿಜ, ಆದ್ರೆ ಬೆವರೋ ಕೈಯವರಿಗೆ ಅದಕ್ಕಿಂತ ಮೊದಲೇ ಸ್ಟ್ರಿಂಗ್ ತುಕ್ಕು ಹಿಡಿದು ಮಂಕಾಗಿರತ್ತೆ, ನೀವು ಹೆಂಗೂ ಬದಲಾಯಿಸಿರ್ತೀರಿ.

ಸವೆತ ಎಲ್ಲಿ ಆಗತ್ತೆ ಅಂತ ನಿಮ್ಮ ಹಳೇ ನೆಕ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಅದಕ್ಕಿಂತ ಒಳ್ಳೇ ಪಾಠ ಇಲ್ಲ. ಮೊದಲ ಮೂರು ನಾಲ್ಕು ಫ್ರೆಟ್‌ನಲ್ಲಿ ಎರಡನೇ ಮೂರನೇ ಸ್ಟ್ರಿಂಗ್ ಕೆಳಗೆ ಅಡ್ಡ ಗೀರಿದ ಹಾಗೆ ಆಳವಾದ ಗುಂಡಿ ಇದ್ರೆ ಅದು ಓಪನ್ ಕಾರ್ಡ್‌ಗಳ ಕೆಲಸ, ಬೆರಳು ಬಿಗಿಯಾಗಿ ಒತ್ತೋ ಅಭ್ಯಾಸ ಇದೆ ಅಂತ ಅರ್ಥ. 12ರಿಂದ 17ರವರೆಗೆ ಫ್ರೆಟ್‌ನ ತಲೆ ಅಗಲಕ್ಕೆ ಚಪ್ಪಟೆ ಆಗಿದ್ರೆ ಅದು ಬೆಂಡ್ ಮತ್ತೆ ವೈಬ್ರಾಟೊ ಕೆಲಸ. ಎರಡೂ ಇದ್ರೆ ನಿಮಗೆ ಗಟ್ಟಿ ಮೆಟಲ್ ಬೇಕು ಅನ್ನೋದ್ರಲ್ಲಿ ಅನುಮಾನ ಇಲ್ಲ. ಬರೀ ಮೊದಲ ಮೂರು ಫ್ರೆಟ್‌ನಲ್ಲಿ ಮಾತ್ರ ಇದ್ರೆ ಒಳ್ಳೇ 18% ನಿಕಲ್ ಸಿಲ್ವರ್ ಹಾಕಿ, ಒತ್ತೋದನ್ನ ಸ್ವಲ್ಪ ಕಮ್ಮಿ ಮಾಡಿದ್ರೂ ಸಾಕಾಗತ್ತೆ.

ಇನ್ನು ಸೌಂಡ್. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಓಪನ್ ಸ್ಟ್ರಿಂಗ್ ಬಾರಿಸಿದಾಗ ಅದು ಕೂತಿರೋದು ನಟ್ ಮೇಲೆ, ಅಂದ್ರೆ ನೆಕ್ ತುದೀಲಿ ಸ್ಟ್ರಿಂಗ್ ಹಾಯೋ ಗೀರಿನ ಪಟ್ಟಿ ಮೇಲೆ, ಫ್ರೆಟ್ ಯಾವ ಮೆಟಲ್ ಆದ್ರೂ ಅದಕ್ಕೆ ಸಂಬಂಧ ಇಲ್ಲ. ಫ್ರೆಟ್ ಒತ್ತಿ ಬಾರಿಸಿದಾಗ ಸ್ಟ್ರಿಂಗ್‌ನ ಒಂದು ತುದಿ ಆ ಮೆಟಲ್ ಮೇಲೆ ಇರತ್ತೆ, ಹಾಗಾಗಿ ನೋಟ್ ಶುರು ಆಗೋ ಕ್ಷಣದಲ್ಲಿ ಗಟ್ಟಿ ಮೆಟಲ್‌ನಲ್ಲಿ ಒಂದಿಷ್ಟು ಚುರುಕು ಜಾಸ್ತಿ ಇರಬಹುದು, ಇಲ್ಲ ಅನ್ನಲ್ಲ, ಆಂಪ್‌ಗೆ ಹಾಕದೆ ಕಿವಿ ಹತ್ತಿರ ಇಟ್ಕೊಂಡು ಬಾರಿಸಿದ್ರೆ ಕೆಲವರಿಗೆ ಗೊತ್ತಾಗತ್ತೆ. ಆದ್ರೆ ಪಿಕಪ್‌ನ ಎತ್ತರ ಒಂದು ಚೂರು ತಿರುಗಿಸಿದ್ರೆ, ಪಿಕ್ ಬದಲಾಯಿಸಿದ್ರೆ, ಟೋನ್ ನಾಬ್ ಒಂದು ಗೆರೆ ಇಳಿಸಿದ್ರೆ ಆಗೋ ವ್ಯತ್ಯಾಸ ಇದಕ್ಕಿಂತ ದೊಡ್ಡದು, ಡಿಸ್ಟಾರ್ಶನ್ ಹಾಕಿದ ಮೇಲಂತೂ ಕೇಳೋದೇ ಬೇಡ. ಹಾಗಿದ್ರೆ ಇಷ್ಟು ಜನ ಯಾಕೆ ಸ್ಟೇನ್‌ಲೆಸ್ ಬ್ರೈಟ್ ಅಂತಾರೆ? ಅವರು ಹೋಲಿಸ್ತಿರೋದು ಏನನ್ನ ಅಂತ ನೋಡಿ. ಮೊದಲು ಇದ್ದಿದ್ದು ವರ್ಷಗಟ್ಟಲೆ ಸವೆದು ತಲೆ ಚಪ್ಪಟೆ ಆದ ನಿಕಲ್ ಸಿಲ್ವರ್, ಅದರ ಮೇಲೆ ಹಳೇ ಸ್ಟ್ರಿಂಗ್. ಈಗ ಬಂದಿರೋದು ಹೊಸದಾಗಿ ದುಂಡಗೆ ಮಾಡಿದ ಕ್ರೌನ್ (ಫ್ರೆಟ್‌ನ ತಲೆ), ಹೊಸ ಸ್ಟ್ರಿಂಗ್, ಹೊಸ ಸೆಟಪ್. ಚಪ್ಪಟೆ ಫ್ರೆಟ್ ಮೇಲೆ ಸ್ಟ್ರಿಂಗ್ ಒಂದೇ ಬಿಂದುವಿನಲ್ಲಿ ನಿಲ್ಲಲ್ಲ, ಅಗಲವಾದ ಜಾಗಕ್ಕೆ ತಾಗಿ ಸಣ್ಣಗೆ ಜುಂಯ್ ಅಂತ ಸೌಂಡ್ ಮಂಕಾಗತ್ತೆ. ಅಲ್ಲಿ ಹೊಸ ನಿಕಲ್ ಸಿಲ್ವರ್ ಹಾಕಿದ್ರೂ ಅದೇ ಜನ ಬ್ರೈಟ್ ಆಯ್ತು ಅಂತಿದ್ರು. ಹಾಗಾಗಿ ಕರ್ಕಶ ಆಗತ್ತೆ ಅನ್ನೋ ಭಯ ಬಿಡಿ, ಮೂರರಲ್ಲಿ ಯಾವುದು ಹಾಕಿದ್ರೂ ನಿಮ್ಮ ಗಿಟಾರ್ ನಿಮ್ಮ ಗಿಟಾರ್ ಥರಾನೇ ಕೇಳ್ಸತ್ತೆ.

ಕೈಗೆ ಗೊತ್ತಾಗೋ ವ್ಯತ್ಯಾಸ ಮಾತ್ರ ದೊಡ್ಡದೇ. ಚೆನ್ನಾಗಿ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಮೇಲೆ ಬೆಂಡ್ ಮಾಡಿದ್ರೆ ಸ್ಟ್ರಿಂಗ್ ಜಾರೋದು ಒಂದು ಸುಖ, ನಿಜವಾಗ್ಲೂ ಚಟ ಹಿಡಿಸತ್ತೆ. ಆದ್ರೆ ಆ ಮಾತಲ್ಲಿ ಮುಖ್ಯ ಪದ "ಚೆನ್ನಾಗಿ ಪಾಲಿಶ್ ಮಾಡಿದ". ನಿಕಲ್ ಸಿಲ್ವರ್‌ನಲ್ಲಿ ಸ್ವಲ್ಪ ಫೈಲ್ (ಅರ) ಗೀರು ಉಳಿದ್ರೂ ಪರವಾಗಿಲ್ಲ, ನೀವು ಬಾರಿಸ್ತಾ ಬಾರಿಸ್ತಾ ಸ್ಟ್ರಿಂಗೇ ಅದನ್ನ ಉಜ್ಜಿ ನುಣುಪು ಮಾಡ್ಕೊಳತ್ತೆ. ಸ್ಟೇನ್‌ಲೆಸ್‌ನಲ್ಲಿ ಹಾಗಾಗಲ್ಲ, ಇವತ್ತು ಬಿಟ್ಟ ಗೀರು ಎಷ್ಟೋ ವರ್ಷ ಆದ್ರೂ ಹಾಗೇ ಕೂತಿರತ್ತೆ, ಪ್ರತಿ ಬೆಂಡ್‌ನಲ್ಲೂ ಮರಳು ಉಜ್ಜಿದ ಹಾಗೆ ಕರಕರ ಅಂತ ಬೆರಳಿಗೆ ತಿಳಿಯತ್ತೆ. ಅದು ಸವೆಯಲ್ಲ ಅನ್ನೋ ಗುಣಾನೇ ಅಲ್ಲಿ ನಿಮಗೆ ಎದುರು ನಿಲ್ಲತ್ತೆ. ಮೊದಲನೇ ಸಲ ಫ್ರೆಟ್ ಹಾಕೋರಿಗೆ ನಾನು ಸ್ಟೇನ್‌ಲೆಸ್ ಬೇಡ ಅನ್ನೋಕೆ ಇದೇ ದೊಡ್ಡ ಕಾರಣ.

ಉಳಿದ ಕಾರಣಗಳೂ ಕೂರಿಸೋ ಕೆಲಸದ್ದೇ. ಫ್ರೆಟ್ ವೈರ್‌ನ ಅಡ್ಡಕ್ಕೆ ಕತ್ತರಿಸಿ ನೋಡಿದ್ರೆ ಮೇಲೆ ಅಣಬೆ ತಲೆ ಥರ ಕ್ರೌನ್, ಕೆಳಗೆ ಕಾಲು, ಅದಕ್ಕೆ ಟ್ಯಾಂಗ್ ಅಂತಾರೆ, ಟ್ಯಾಂಗ್‌ನ ಎರಡೂ ಪಕ್ಕ ಸಣ್ಣ ಸಣ್ಣ ಮುಳ್ಳು. ಟ್ಯಾಂಗ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಮುಳ್ಳು ಸೇರಿದ್ರೆ ಇನ್ನೂ ಜಾಸ್ತಿ, ಸ್ಲಾಟ್ ಸಾಮಾನ್ಯವಾಗಿ 0.58 ಮಿಮೀ ಅಂದ್ರೆ 0.023 ಇಂಚು ಕೊಯ್ದಿರ್ತಾರೆ. ಮುಳ್ಳು ಮರದ ಗೋಡೆಗೆ ಕಚ್ಚಿಕೊಂಡು ಫ್ರೆಟ್ ನಿಲ್ಲತ್ತೆ. ಸ್ಲಾಟ್ ಬಿಗಿ ಇದ್ದು 22 ಫ್ರೆಟ್‌ಗಳೂ ಒಳಗಿಂದ ಮರಾನ ತಳ್ಳಿದ್ರೆ ಇಡೀ ನೆಕ್ ಹಿಂದಕ್ಕೆ ಬಾಗತ್ತೆ, ಅದೇ ಬ್ಯಾಕ್ ಬೋ. ಸ್ಟೇನ್‌ಲೆಸ್ ಮುಳ್ಳು ಒಂಚೂರೂ ಬಗ್ಗಲ್ಲ, ಮರಾನೇ ಜಾಗ ಬಿಡ್ಬೇಕು, ಹಾಗಾಗಿ ಬಿಗಿ ಸ್ಲಾಟ್‌ನಲ್ಲಿ ಈ ತೊಂದರೆ ಅದರಲ್ಲಿ ಜಾಸ್ತಿ. ನಿಮ್ಮ ನೆಕ್‌ನಲ್ಲಿ ಎರಡೂ ಕಡೆ ಕೆಲಸ ಮಾಡೋ ಟ್ರಸ್ ರಾಡ್ (ನೆಕ್ ಒಳಗೆ ಬಾಗು ಸರಿ ಮಾಡೋ ಸರಳು) ಇದ್ರೆ ಸರಿ ಮಾಡ್ಕೋಬಹುದು, ಒಂದೇ ಕಡೆದಾದ್ರೆ ಅದು ಸ್ಟ್ರಿಂಗ್ ಎಳೆತಕ್ಕೆ ಎದುರಾಗಿ ಮಾತ್ರ ಎಳೆಯತ್ತೆ, ಹಿಂದಕ್ಕೆ ಬಾಗಿದ ನೆಕ್‌ಗೆ ಅದರಿಂದ ಏನೂ ಆಗಲ್ಲ. ಯಾವ ರಾಡ್ ಇದೆ ಅಂತ ಮೊದಲೇ ಗೊತ್ತು ಮಾಡ್ಕೊಳಿ.

ಆಮೇಲೆ ಬಗ್ಗಿಸೋದು. ಬೋರ್ಡ್ 12 ಇಂಚು ರೇಡಿಯಸ್ ಇದ್ರೆ ವೈರ್‌ನ 10 ಇಲ್ಲಾ 11 ಇಂಚಿಗೆ, ಅಂದ್ರೆ ಸ್ವಲ್ಪ ಜಾಸ್ತಿನೇ ಬಗ್ಗಿಸ್ಬೇಕು, ಆಗ ಎರಡು ತುದಿ ಮೊದಲು ಮರಕ್ಕೆ ತಾಗತ್ತೆ, ತುದಿ ಕೂತ ಮೇಲೆ ಮಧ್ಯ ಒತ್ತಿದ್ರೆ ತುದಿಗಳು ಹೊರಕ್ಕೆ ಚಾಚಿ ಭದ್ರ ಆಗತ್ತೆ. ಸ್ಟೇನ್‌ಲೆಸ್ ಬಗ್ಗಿಸಿದ್ರೆ ಸ್ಪ್ರಿಂಗ್ ಥರ ವಾಪಸ್ ಬರತ್ತೆ, ಅಂದಾಜು ಸಿಗೋವರೆಗೂ ವೈರ್ ಹಾಳಾಗತ್ತೆ, ಸರಿ ಬಾಗದೇ ಇದ್ರೆ ಕೂರಿಸಿದ ಮೇಲೂ ತುದಿಗಳು ಮೆಲ್ಲಗೆ ಮೇಲೇಳತ್ತೆ. ಇವೋದಲ್ಲೂ ಈ ಗುಣ ಒಂದಿಷ್ಟಿದೆ, ನಿಕಲ್ ಸಿಲ್ವರ್‌ಗಿಂತ ಸ್ವಲ್ಪ ಮೊಂಡು, ಆದ್ರೆ ಮಾಮೂಲಿ ಹಿತ್ತಾಳೆ ಸುತ್ತಿಗೆಲೇ ಕೂರತ್ತೆ. ಕತ್ತರಿಸೋಕೆ ಬಂದ್ರೆ ಸ್ಟೇನ್‌ಲೆಸ್ ಮಾಮೂಲಿ ಕಟ್ಟರ್‌ನ ಬಾಯಿ ಚಿಪ್ಪೆಬ್ಬಿಸಿಬಿಡತ್ತೆ, ಅದಕ್ಕೇ ಅಂತ ಗಟ್ಟಿ ಮಾಡಿದ ಕಟ್ಟರ್ ಬೇಕು, ತುಂಡಾದ ತುದಿ ಗುಂಡಿನ ಹಾಗೆ ಹಾರತ್ತೆ. ಯಾವ ಮೆಟಲ್ ಆದ್ರೂ ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕ್ಕೊಳದೆ ಈ ಕೆಲಸಕ್ಕೆ ಕೂರ್ಬೇಡಿ, ದಯವಿಟ್ಟು. ಲೆವೆಲಿಂಗ್, ಅಂದ್ರೆ ಎಲ್ಲ ಫ್ರೆಟ್ ತಲೆ ಒಂದೇ ಮಟ್ಟಕ್ಕೆ ಉಜ್ಜೋದು, ಮಾಡೋವಾಗ ಮಾಮೂಲಿ ಫೈಲ್ ಸ್ಟೇನ್‌ಲೆಸ್ ಮೇಲೆ ಬೇಗ ಮೊಂಡಾಗತ್ತೆ, ಕ್ರೌನ್ ದುಂಡಗೆ ಮಾಡೋಕೆ ಡೈಮಂಡ್ ಫೈಲ್ ಇಲ್ದೆ ಆಗಲ್ಲ. ಇವೋಗೂ ಡೈಮಂಡ್ ಫೈಲ್ ಇದ್ರೆ ಕೆಲಸ ಚೆಂದ, ಇಲ್ಲದೇ ಹೋದ್ರೆ ಒಳ್ಳೇ ಸಾದಾ ಕ್ರೌನಿಂಗ್ ಫೈಲ್‌ನಲ್ಲೂ ಆಗತ್ತೆ, ಸ್ವಲ್ಪ ತಾಳ್ಮೆ ಬೇಕು.

ಫ್ಯಾಕ್ಟರಿಯವರು ಸ್ಟೇನ್‌ಲೆಸ್ ಹಾಕ್ತಾರಲ್ಲ ಅಂತ ಕೇಳ್ಬಹುದು. ಹೌದು, ಪಾರ್ಕರ್ ಫ್ಲೈ ಗಿಟಾರ್ 1993ರಲ್ಲೇ ಸ್ಟೇನ್‌ಲೆಸ್ ಫ್ರೆಟ್ ಜೊತೆ ಬಂತು, ಅದರಲ್ಲಿ ಟ್ಯಾಂಗೇ ಇರ್ಲಿಲ್ಲ, ಕಾರ್ಬನ್ ಫೈಬರ್ ಬೋರ್ಡ್ ಮೇಲೆ ಅಂಟಿಸ್ತಿದ್ರು. ಈಗ ಸುಹರ್, ಮ್ಯೂಸಿಕ್ ಮ್ಯಾನ್ ಥರದವರ ಎಷ್ಟೋ ಮಾಡೆಲ್‌ನಲ್ಲಿ ಸ್ಟೇನ್‌ಲೆಸ್ಸೇ ಬರತ್ತೆ. ಅವರ ಹತ್ರ ಪ್ರೆಸ್ ಇದೆ, ಗ್ರೈಂಡರ್ ಇದೆ, ದಿನಾ ಅದೇ ಕೆಲಸ ಮಾಡೋ ಕೈ ಇದೆ. ಸ್ಟೇನ್‌ಲೆಸ್ ಹಾಕಿದ ರೆಡಿ ಗಿಟಾರ್ ಸಿಕ್ಕಿದ್ರೆ ಖುಷಿಯಾಗಿ ತಗೊಳಿ, ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ ಬೆವರಿನ ವಿಷಯ. ನಿಕಲ್ ಸಿಲ್ವರ್‌ನಲ್ಲಿ ತಾಮ್ರ ಇರೋದ್ರಿಂದ ಬೆವರು ತಾಗಿ ಬಣ್ಣ ಕಪ್ಪಾಗತ್ತೆ, ಫ್ರೆಟ್ ಪಕ್ಕದಲ್ಲಿ ಹಸಿರು ಕಿಲುಬು ಕಟ್ಟತ್ತೆ. ಇವೋದಲ್ಲೂ ತಾಮ್ರ ಇದೆ, ಆದ್ರೆ ನನಗೆ ಕಂಡ ಹಾಗೆ ಕಿಲುಬು ಕಮ್ಮಿ, ಸ್ವಲ್ಪ ಮಂಕಾಗತ್ತೆ, ಬಟ್ಟೇಲಿ ಒರೆಸಿದ್ರೆ ಹೊಳಪು ವಾಪಸ್ ಬರತ್ತೆ. ಸ್ಟೇನ್‌ಲೆಸ್ ಇದರಲ್ಲಿ ಎಲ್ಲದಕ್ಕಿಂತ ಮುಂದೆ, ಏನೂ ಆಗಲ್ಲ. ಬೆರಳಲ್ಲಿ ತುರಿಕೆ, ಚರ್ಮ ಕೆಂಪಾಗೋದು ಇದ್ರೆ ಅದು ನಿಕಲ್ ಅಲರ್ಜಿ ಇರ್ಬಹುದು, ಡಾಕ್ಟರ್‌ಗೆ ತೋರ್ಸಿ. ಅಂಥವರಿಗೆ ಇವೋ ಒಳ್ಳೇದು, ಅದರಲ್ಲಿ ನಿಕಲ್ ಹಾಕಲ್ಲ. ಆದ್ರೆ ಫ್ರೆಟ್ ಮಾತ್ರ ಬದಲಾಯಿಸಿ ನಿಕಲ್ ಲೇಪನದ ಸ್ಟ್ರಿಂಗನ್ನೇ ಹಾಕ್ಕೊಂಡ್ರೆ ಪ್ರಯೋಜನ ಇಲ್ಲ, ಬೆರಳು ದಿನಾ ತಾಗೋದು ಸ್ಟ್ರಿಂಗ್‌ಗೆ ಅಲ್ವಾ, ಮೊದಲು ಅದನ್ನ ಬದಲಾಯಿಸ್ಬೇಕು.

ನೀವು ಕೇಳದೇ ಇರೋ ಒಂದು ವಿಷಯ ಹೇಳ್ತೀನಿ, ಯಾಕಂದ್ರೆ ಮೆಟಲ್‌ಗಿಂತ ಇದು ಕೈಗೆ ಜಾಸ್ತಿ ಗೊತ್ತಾಗತ್ತೆ: ಸೈಜ್. ಬೆಂಡ್ ಸಲೀಸಾಗಿ ಬರ್ಬೇಕು ಅಂದ್ರೆ ಫ್ರೆಟ್ ಎತ್ತರ ಇರ್ಬೇಕು, ಆಗ ಬೆರಳ ತುದಿ ಮರಕ್ಕೆ ಉಜ್ಜಲ್ಲ, ಸ್ಟ್ರಿಂಗ್ ಕೆಳಗೆ ಬೆರಳಿಗೆ ಹಿಡಿತ ಸಿಗತ್ತೆ. ಹಳೇ ಕಾಲದ ಸಣ್ಣ ಫ್ರೆಟ್ ಸುಮಾರು 2 ಮಿಮೀ ಅಗಲ, 1.1 ಮಿಮೀ ಎತ್ತರ. ಡನ್‌ಲಾಪ್ ಕಂಪನಿಯ 6105 ಅಂತ ಹೇಳ್ತಾರಲ್ಲ ಅದು 2.3 ಅಗಲ, 1.4 ಎತ್ತರ. ಜಂಬೋ 6100 ಅಷ್ಟೇ ಎತ್ತರ, ಆದ್ರೆ 2.8 ಅಗಲ. ನಿಮಗೆ 6105 ಅಳತೆ ಸರಿಹೋಗತ್ತೆ, ಜೆಸ್ಕಾರ್ ಲೆಕ್ಕದಲ್ಲಿ 55090 ಅಂತ ಕೇಳಿ, ಆ ನಂಬರ್‌ನಲ್ಲೇ 0.055 ಇಂಚು ಎತ್ತರ, 0.090 ಅಗಲ ಅಂತ ಬರ್ದಿದೆ, ಇವೋದಲ್ಲೂ ಈ ಸೈಜ್ ಬರತ್ತೆ. ಎತ್ತರ ಇದ್ರೆ ಆಯಸ್ಸೂ ಜಾಸ್ತಿ, ಒಂದು ಲೆವೆಲಿಂಗ್‌ಗೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತ ಹಿಡ್ಕೊಂಡ್ರೂ, 0.8 ಮಿಮೀಗಿಂತ ಕೆಳಗೆ ಹೋದ್ರೆ ಬೆಂಡ್ ಕಷ್ಟ ಆಗತ್ತೆ ಅಂತಿಟ್ಕೊಂಡ್ರೂ, ಇನ್ನೂ ಎಷ್ಟು ಬಾಕಿ ಇರತ್ತೆ ನೀವೇ ಲೆಕ್ಕ ಹಾಕಿ. ಒಂದೇ ತೊಂದರೆ ಏನಂದ್ರೆ ಎತ್ತರದ ಫ್ರೆಟ್‌ನಲ್ಲಿ ಮರಕ್ಕೆ ತಾಗೋ ಹಾಗೆ ಬಿಗಿಯಾಗಿ ಒತ್ತಿದ್ರೆ ನೋಟ್ ಶಾರ್ಪ್ ಆಗತ್ತೆ, ಕಾರ್ಡ್ ಶ್ರುತಿ ತಪ್ಪಿದ ಹಾಗೆ ಕೇಳ್ಸತ್ತೆ. ನಿಮ್ಮ ಹಳೇ ನೆಕ್‌ನ ಮೊದಲ ಫ್ರೆಟ್‌ಗಳಲ್ಲಿ ಗುಂಡಿ ಆಳ ಇದ್ರೆ ಇದನ್ನ ಗಂಭೀರವಾಗಿ ತಗೊಳಿ, ಹಗುರವಾಗಿ ಒತ್ತೋದು ಅಭ್ಯಾಸ ಆಗ್ಬೇಕು, ಇಲ್ಲಾಂದ್ರೆ 1.2 ಮಿಮೀ ಎತ್ತರದ್ದು ಅಂದ್ರೆ 47104 ಥರದ್ದು ತಗೊಳಿ.

ಕೆಲವರು ಸವೆಯೋ ಜಾಗಕ್ಕೆ ಮಾತ್ರ ಸ್ಟೇನ್‌ಲೆಸ್, ಉಳಿದಿದ್ದಕ್ಕೆ ನಿಕಲ್ ಸಿಲ್ವರ್ ಅಂತ ಐಡಿಯಾ ಕೊಡ್ತಾರೆ. ಬೇಡ. ಒಂದೇ ಬೀಮ್‌ನಲ್ಲಿ (ಉಜ್ಜೋ ನೇರ ಪಟ್ಟಿ) ಲೆವೆಲ್ ಮಾಡೋವಾಗ ಮೆತ್ತಗಿರೋದು ಜಾಸ್ತಿ ಕರಗತ್ತೆ, ಗಟ್ಟಿ ಇರೋದು ಎದ್ದು ನಿಲ್ಲತ್ತೆ, ಗೆರೆ ಒಂದೇ ಮಟ್ಟಕ್ಕೆ ತರೋದು ತಲೆನೋವು, ಮುಂದೆ ಸವೆಯೋದೂ ಬೇರೆ ಬೇರೆ ಥರ.

ಶುರು ಮಾಡೋ ಮುಂಚೆ ಸ್ಲಾಟ್‌ನ ಮೇಲಿನ ಅಂಚಿಗೆ ತ್ರಿಕೋನ ಫೈಲ್‌ನಲ್ಲಿ ಒಂದೆರಡು ಸಲ ಹಗುರವಾಗಿ ಎಳೀರಿ, ಅಂಚು ಸ್ವಲ್ಪ ಓರೆ ಆದ್ರೆ ಫ್ರೆಟ್ ನೇರ ಇಳಿಯತ್ತೆ, ಮುಂದೆ ಯಾವತ್ತಾದ್ರೂ ಕೀಳ್ಬೇಕಾದಾಗ ರೋಸ್‌ವುಡ್ ಚಕ್ಕೆ ಏಳಲ್ಲ. ಸ್ಲಾಟ್ ಆಳ ಟ್ಯಾಂಗ್‌ಗಿಂತ ಜಾಸ್ತಿ ಇದೆಯಾ, ಮುಖ್ಯವಾಗಿ ಎರಡು ಅಂಚಿನಲ್ಲಿ, ನೋಡ್ಕೊಳಿ, ಬೋರ್ಡ್ ದುಂಡಗಿರೋದ್ರಿಂದ ಅಂಚಲ್ಲೇ ಆಳ ಕಮ್ಮಿ ಬೀಳೋದು. 22 ಫ್ರೆಟ್‌ಗೆ ತುಂಡು ತುಂಡು 6 ಸೆಂಟಿಮೀಟರ್ ಲೆಕ್ಕ ಹಾಕಿದ್ರೆ 1.3 ಮೀಟರ್ ಚಿಲ್ರೆ ಆಗತ್ತೆ, ನೀವು 2 ಮೀಟರ್ ತರ್ಸಿ. ಉಳಿದಿದ್ದನ್ನ ಮೊದಲು ಒಂದು ಗಟ್ಟಿ ಮರದ ತುಂಡಲ್ಲಿ ಅದೇ ಅಗಲದ ಸ್ಲಾಟ್ ಕೊಯ್ದು ಕೂರಿಸಿ ನೋಡಿ. ಕೈಯಲ್ಲಿ ಎಳೆದ್ರೆ ಕಿತ್ತು ಬಂದ್ರೆ ಸ್ಲಾಟ್ ಸಡಿಲ, ತೆಳ್ಳಗಿನ ಸೂಪರ್ ಗ್ಲೂ ಬೇಕಾಗತ್ತೆ. ಹೊಡೆದಷ್ಟೂ ಕೂರದೆ ಕ್ರೌನ್ ಕೆಳಗೆ ಬೆಳಕು ಕಾಣಿಸ್ತಾ ಇದ್ರೆ ಸ್ಲಾಟ್ ಬಿಗಿ ಇದೆ ಇಲ್ಲಾ ಒಳಗೆ ಮರದ ಪುಡಿ ತುಂಬಿದೆ. ತುದಿ ಮಾತ್ರ ಏಳ್ತಾ ಇದ್ರೆ ಇನ್ನೂ ಸ್ವಲ್ಪ ಬಗ್ಗಿಸಿ. ಮೂರು ನಾಲ್ಕು ತುಂಡು ಹೀಗೆ ಸರಿಯಾಗಿ ಕೂತ ಮೇಲೆ ನೆಕ್ ಮೇಲೆ ಕೈ ಇಡಿ, ಶುರು ಮಾಡೋದನ್ನ 22ನೇ ಫ್ರೆಟ್ ಕಡೆಯಿಂದ ಮಾಡಿ, ಮೊದಲ ಫ್ರೆಟ್‌ಗಳು ಬರೋ ಹೊತ್ತಿಗೆ ಕೈ ಪಳಗಿರತ್ತೆ.